ಲೊರೀನಳ ಕಾರ್ಡಿನಲ್ಲಿ ಆಡಿದವರು ಯಾರು?

ಒಂದಾನೊಂದು ಮರಳುಗಾಡಿನ ಊರಿನಲ್ಲಿ, ಇರುಳನ್ನೂ ಹಗಲು ಮಾಡಿಕೊಂಡ ಲಾಸ್ ವೇಗಾಸಿನಲ್ಲಿ, ಕ್ಯಾಸಿನೋ ಎಂಬ ಜೂಜಿನ ಮನೆಯ ಅನ್ನ ತಿಂದೇ ಬದುಕುವ ಮುದುಕರ ಗುಂಪೊಂದಿತ್ತು. ಚಿಲ್ಲರೆ ಕಾಸಿನ ಜೂಜಿನ ಯಂತ್ರದ ಗುಂಡಿಯನ್ನು ನಿಧಾನಕ್ಕೆ ಒತ್ತುತ್ತ, ಅದರಲ್ಲಿ ಸಿಕ್ಕಿಸಿದ ಸದಸ್ಯತ್ವದ ಕಾರ್ಡಿಗೆ ಆಡಿದಷ್ಟೂ ಅಂಕ ಕೂಡಿಸಿ, ಬಿಟ್ಟಿ ಊಟ, ಬಿಟ್ಟಿ ಕೋಣೆ ಗಿಟ್ಟಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅವರಲ್ಲಿ ಒಡೆಸ್ಸಾಳಿಗೆ ಕಳ್ಳರನ್ನು ಹಿಡಿಯುವ ವಿದ್ಯೆಯೂ ಗೊತ್ತಿತ್ತು. ನೆರಳಿನಂತೆ ಅವಳ ಜೊತೆಗಿರುತ್ತಿದ್ದವಳು ಗೆಳತಿ ಮ್ಯಾಕ್ಸೀನ್.

ಒಂದು ದಿನ ಗುಂಪಿನ ಲೊರೀನ್ ಅಳುತ್ತ ಒಡೆಸ್ಸಾಳ ಬಳಿ ಬಂದಳು. ವರ್ಷವಿಡೀ ಗಳಿಸಿದ ಅಂಕಗಳಿಂದ ತಂಗಿಗೆಂದು ಕೋಣೆ ಹಿಡಿದಿದ್ದಳು. ತಂಗಿ ದೂರದ ತುಲ್ಸಾ ಊರಿನಿಂದ ಬಸ್ಸು ಹತ್ತಿಯೂ ಆಗಿತ್ತು. ಈಗ ಕ್ಯಾಸಿನೋದ ಮ್ಯಾನೇಜರ್ ಪ್ರೂಯಿಟ್ ಕಾರ್ಡನ್ನೇ ರದ್ದು ಮಾಡಿದ್ದ. ನಿನ್ನೆ ಜಾಗ ಕಾಯಲೆಂದು ಕಾರ್ಡನ್ನು ಯಂತ್ರದಲ್ಲೇ ಬಿಟ್ಟು ಅವಳು ಊಟಕ್ಕೆ ಹೋದಾಗ ಯಾರೋ ಅದರಲ್ಲಿ ದೊಡ್ಡ ಪಣದ ಆಟ ಆಡಿದ್ದರು. ಕಾರ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಲೊರೀನ್ ಕೊಟ್ಟಳೆಂದೇ ಪ್ರೂಯಿಟನ ಆರೋಪ. ಕ್ಯಾಮೆರಾದಲ್ಲಿ ಕಂಡದ್ದು ನೀಲಿ ಜಾಕೆಟ್ಟಿನ ಬೆನ್ನು ಮಾತ್ರ. ಕ್ಯಾಸಿನೋ ಬಿಟ್ಟಿ ಹಂಚಿದ ಆ ಜಾಕೆಟ್ಟು ಗುಂಪಿನವರೆಲ್ಲರ ಬಳಿಯೂ ಇತ್ತು.

"ಅಳ್ಬೇಡ ಕಣೇ," ಎಂದಳು ಒಡೆಸ್ಸಾ. "ನಿನ್ ತಂಗಿ ಬಸ್ ಇಳಿಯೋ ಹೊತ್ಗೆ ಬೀಗದ ಕೈ ನಿನ್ ಕೈಲಿರುತ್ತೆ."

ಒಡೆಸ್ಸಾಳೂ ಮ್ಯಾಕ್ಸೀನಳೂ ಊಟದ ಮನೆಯಲ್ಲಿ ವಿಚಾರಿಸುತ್ತ ಹೋದರು. ಕಾರ್ಡು ಯಂತ್ರದಲ್ಲೇ ಇದೆಯೆಂದು ತಿಳಿದಿದ್ದವರು ಊಟದ ಮೇಜಿನಲ್ಲಿ ಲೊರೀನಳೊಂದಿಗೆ ಇದ್ದ ಇಬ್ಬರೇ, ಇಬ್ಬರೂ ನಡುವೆ ಎದ್ದುಹೋಗಿದ್ದರು. ಒಂಟಿಯಾಗಿ ಬದುಕುವ ವರ್ನೆಲ್, ಕಾಫಿ ತರಲು ಹೋಗಿದ್ದೆನೆಂದಳು. ರಾಸ್ಕೋ, ಫೋನ್ ಬಂದಿತ್ತೆಂದ. ಜೂಜು ಬಿಟ್ಟೆನೆಂದು ಹೆಂಡತಿಗೆ ಮಾತು ಕೊಟ್ಟು, ಅವನು ಹಳೆಯ ಅಂಕಗಳ ಬಿಟ್ಟಿ ಊಟಕ್ಕಷ್ಟೇ ಬರುತ್ತಿದ್ದ. ಅವನು ಸೇಬಿನ ಪೈ ಎಂಬ ಸಿಹಿತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದನೆಂದು ಬಡಿಸುವವಳು ನೆನಪಿಸಿಕೊಂಡಳು.

ಸಂಜೆ ಒಡೆಸ್ಸಾ ಎಲ್ಲರನ್ನೂ ಪ್ರೂಯಿಟನ ಕೋಣೆಗೆ ಕರೆಸಿದಳು.

"ಕಳ್ಳ ಆಗಿದ್ರೆ ಅಂಕ ಖರ್ಚು ಮಾಡ್ತಿದ್ದ. ಇವ್ನು ಕೂಡ್ಸಿ ಹೋಗಿದಾನೆ. ಅಂದ್ರೆ ತನ್ನ ಹೆಸ್ರು ಎಲ್ಲೂ ಬರಬಾರ್ದು ಅನ್ನೋದಷ್ಟೇ ಅವ್ನಿಗೆ ಬೇಕಿತ್ತು. ಅವನದೇ ಕಾರ್ಡಲ್ಲಿ ದೊಡ್ಡ ಆಟ ಆಡಿದ್ರೆ ನೀವು ಮನೆಗೆ ಬಿಟ್ಟಿ ಊಟದ ಕಾಗದ ಕಳಿಸ್ತೀರಿ, ಮನೆಯೋರು ಓದಿದ್ರೆ ಗುಟ್ಟು ರಟ್ಟು. ವರ್ನೆಲ್ ಮನೇಲಿ ಅದನ್ನ ಒಡೆದು ಓದೋರು ಯಾರಿದಾರೆ?" ಎಂದು ಕೇಳಿದಳು ಒಡೆಸ್ಸಾ.

ಹಾಗಾದರೆ ಕಾರ್ಡೇ ಇಲ್ಲದೆ ಆಡಬಹುದಿತ್ತಲ್ಲ, ಎಂದ ಪ್ರೂಯಿಟ್.

ಒಡೆಸ್ಸಾ ನಕ್ಕಳು. "ಹೊರಗಿನೋರು ಆಡ್ತಾರೆ. ನಮ್ಮೋರಿಗೆ ಅಂಕ ಬರದೆ ಒಂದ್ಸಲ ಗುಂಡಿ ಒತ್ತಿದ್ರೂ ಹೊಟ್ಟೆ ಉರಿಯುತ್ತೆ. ಅಂಥೋನು ಬಿಟ್ಟಿ ಪೈ ಬಿಟ್ಟು ಎದ್ದ ಅಂದ್ರೆ, ಅದಕ್ಕಿಂತ ದೊಡ್ಡ ಹಸಿವು ಎಳೀತಿತ್ತು. ಅಲ್ವೇನಯ್ಯಾ ರಾಸ್ಕೋ?"

ರಾಸ್ಕೋ ತಲೆ ತಗ್ಗಿಸಿದ. "ನಾನೇ ಆಡಿದ್ದು. ಸುಮ್ನೆ ಹಾಳಾಗೋ ಅಂಕ, ಲೊರೀನ್‌ಗಾದ್ರೂ ಸಿಗ್ಲಿ ಅನ್ನಿಸ್ತು."

"ಭಾರಿ ಉಪಕಾರ ಮಾಡ್ದೆ ಬಿಡು," ಎಂದಳು ವರ್ನೆಲ್.

ಪ್ರೂಯಿಟ್ ರಾಸ್ಕೋ ಆಡಿದ ಅಂಕಗಳನ್ನು ಅಳಿಸಿ, ಲೊರೀನಳ ಕಾರ್ಡಿಗೆ ಮತ್ತೆ ಜೀವ ಕೊಟ್ಟ. ಹೊರಗೆ ತಂಗಿಯ ಬಸ್ಸಿನ ಬಾಗಿಲು ತೆರೆಯುವಷ್ಟರಲ್ಲಿ, ಒಡೆಸ್ಸಾ ಕೋಣೆಯ ಬೀಗದ ಕೈಯನ್ನು ಲೊರೀನಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.