ಕಲಬೆರಕೆ ಎಂದವನು

"ಎಲ್ಲರ ಮುಂದೆ ನನ್ನ ಹರಳನ್ನ ಕಲಬೆರಕೆ ಅಂದ್ರಲ್ಲ... ನಾಲಿಗೆ ಹೇಗೆ ಬಂತು ನಿಮಗೆ?"

ಎನ್ನುತ್ತಲೇ ಅವಳು ಅಳತೆಯ ಕೋಣೆಗೆ ನುಗ್ಗಿದಳು. ಪ್ರಯೋಗಾಲಯದಲ್ಲಿ ಅವಳಿಗೆ ಕುಲುಮೆ ಎಂದೇ ಅಡ್ಡಹೆಸರು. ಕುಲುಮೆಯಲ್ಲಿ ಹರಳು ಬೆಳೆಸುವುದು ಅವಳ ಕೆಲಸ. ಕೋಪವಂತೂ ಮೂಗಿನ ತುದಿಯಲ್ಲೇ.

ಕಾಂತತೆ ಅಳೆಯುವವನು ಎದ್ದು ನಿಂತ. "ಕಲಬೆರಕೆ ಇರಬಹುದು ಅಂದೆ. ಇದೆ ಅನ್ನಲಿಲ್ಲ."

"ಅದನ್ನ ಕೇಳಿ ನಮ್ಮ ಗೈಡ್ ಮೇಷ್ಟ್ರು ನನ್ನ ಪ್ರಬಂಧ ತಡೆದ್ರು. ಇರಬಹುದು ಅಂದ್ರೇನು, ಇದೆ ಅಂದ್ರೇನು?"

ಅಭ್ರಕದಂತೆ ಪದರ ಪದರವಾಗಿ ಬಿಚ್ಚಿಕೊಳ್ಳುವ ಆ ಕಬ್ಬಿಣದ ಹರಳಿಗಾಗಿ ಅವಳು ವರ್ಷಗಟ್ಟಲೆ ಬೆವರು ಸುರಿಸಿದ್ದಳು. ತೀರಾ ತಂಪಾಗಿಸಿದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತಿತ್ತು. ಅದೇ ಹರಳಿನಲ್ಲಿ ಕಬ್ಬಿಣದ ಪರಮಾಣುಗಳು ಪುಟ್ಟ ಕಾಂತಗಳಂತೆ ಶಿಸ್ತಾಗಿ ನಿಂತಿದ್ದವು: ಒಂದು ಸಾಲು ಹೀಗೆ, ಪಕ್ಕದ ಸಾಲು ಹಾಗೆ. ಸಾಮಾನ್ಯವಾಗಿ ಆ ಹರಿವು, ಈ ಶಿಸ್ತು ಎರಡರಲ್ಲಿ ಒಂದು ಬಲಿತರೆ ಇನ್ನೊಂದು ಸೊರಗುತ್ತದೆ. ಎರಡೂ ಒಂದೇ ಕಡೆ ಇವೆ ಎಂದು ಅವಳ ವಾದ. ಹರಳಿನ ಒಂದು ಭಾಗದಲ್ಲಿ ಅದು, ಇನ್ನೊಂದು ಭಾಗದಲ್ಲಿ ಇದು ಇರಬಹುದಲ್ಲ ಎಂದು ಅವನ ಅನುಮಾನ.

"ಮತ್ತೆ ಅಳೀರಿ," ಎಂದಳು. "ನನ್ನ ಕಣ್ಣೆದುರಿಗೆ."

ಆ ವಾರವೆಲ್ಲ ಅವನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಳು. ಅವನು ಚಹಾ ತಂದಿಟ್ಟರೆ ಆರಿಹೋಗಲು ಬಿಟ್ಟಳು. ಮನೆಗೆ ಹೋದರೂ ಅವನಿಗೇ ಬೈಗುಳ.

"ಅನ್ನ ಕಲಸುವಾಗಲೂ ಅವನ ಜಪವೇನೇ?" ಎಂದಳು ಅಕ್ಕ.

"ಜಪ ಅಲ್ಲ, ಶಾಪ."

ಕೊನೆಗೂ ಪರದೆಯ ಮೇಲೆ ಗೆರೆ ಮೂಡಿತು. ತಡೆಯಿಲ್ಲದ ಹರಿವು ಶುರುವಾದ ತಾಪಮಾನದಲ್ಲೇ ಕಾಂತಗಳ ಶಿಸ್ತು ಚೂರು ಸಡಿಲಗೊಂಡಿತ್ತು. ಅವೆರಡೂ ಬೇರೆ ಬೇರೆ ಭಾಗಗಳಲ್ಲಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಟ್ಟುತ್ತಲೇ ಇರಲಿಲ್ಲ.

"ಈಗ ಹೇಳಿ. ಕಲಬೆರಕೆನಾ?"

"ಅಲ್ಲ. ಅಪ್ಪಟ." ಅವನ ಮುಖ ಅರಳಿತ್ತು.

ಗೆದ್ದವಳು ಅವಳು, ಸಂತೋಷ ಇವನಿಗೇಕೆ? ಅವಳ ಮೈಯೆಲ್ಲ ಉರಿಯಿತು. "ಮತ್ತೆ ಅವತ್ತು ಯಾಕೆ ಹಾಗಂದ್ರಿ?"

"ಅನುಮಾನ ನಿಜವಾಗಿಯೂ ಇತ್ತು. ಅದನ್ನ ನುಂಗಿಕೊಂಡು ಹೂಂ ಅಂದಿದ್ರೂ ಯಾರೂ ನಂಬ್ತಿರಲಿಲ್ಲ. 'ಅವಳ ಮೇಲೆ ಮನಸ್ಸಿಟ್ಟವನು ಇನ್ನೇನು ಹೇಳ್ತಾನೆ' ಅಂತಿದ್ರು. ಆ ಮಾತು ನಿಮ್ಮ ಕೆಲಸಕ್ಕೆ ಅಂಟಬಾರದು ಅಂತ..."

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಯಾರು ಅಂತಿದ್ರು?"

"ಎಲ್ಲರೂ. ಮೇಷ್ಟ್ರಿಗೂ ಗೊತ್ತು."

"ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ." ಅವಳು ಎದ್ದು ನಿಂತಳು. "ಅನುಮಾನ ಇದ್ರೆ ಮೊದಲು ನನ್ನ ಹತ್ರ ಹೇಳಬೇಕಿತ್ತು. ಮನಸ್ಸಿದ್ರೂ ಅಷ್ಟೇ. ಎರಡನ್ನೂ ಊರ ಮುಂದೆ ಇಟ್ರಿ."

"ತಪ್ಪು ನಂದೇ," ಎಂದ ಅವನು ತಲೆ ತಗ್ಗಿಸಿ. "ನಿಮ್ಮ ಹತ್ರ ಬರೋಕೆ ಹೆದರಿಕೆ ಇತ್ತು. ನಾಳೆ ಎಲ್ಲರ ಮುಂದೆ ಹೇಳ್ತೀನಿ."

"ಹರಳಿನ ವಿಷಯ ಅವರಿಗೆ ಹೇಳಿ. ಇನ್ನೊಂದನ್ನ ಈಗ ನನಗೆ ಹೇಳಿ."

"ಹೇಳಿದ್ರೆ ಸಿಟ್ಟು ಇಳಿಯುತ್ತಾ?"

"ಇಲ್ಲ," ಎಂದು ಅವಳು ಅವನ ಅಂಗಿಯ ತೋಳು ಹಿಡಿದಳು. "ಆದರೂ ಹೇಳು."