ಅಲೆ ಎದ್ದ ಮೇಲೆ ಬರ್ತೀನಿ

“ಕಡಲಿಗೆ ಬೆನ್ನು ಕೊಡಬಾರ್ದು ಅಂತ ನಿಮ್ಮೂರಲ್ಲಿ ಯಾರೂ ಹೇಳ್ಕೊಟ್ಟಿಲ್ವಾ?”

ಮರಳಿನ ಮೇಲೆ ಬಿದ್ದು ಉಪ್ಪುನೀರು ಕಾರುತ್ತಿದ್ದವನ ಕೊರಳಪಟ್ಟಿಯನ್ನು ರೋವೆನಾ ಇನ್ನೂ ಬಿಟ್ಟಿರಲಿಲ್ಲ. ಬಾಲೆರ್‌ನ ಸಬಾಂಗ್ ತೀರದಲ್ಲಿ ನವೆಂಬರಿನ ಅಲೆ ಅಂದರೆ ಹುಡುಗಾಟವಲ್ಲ. ಹಲಗೆಯ ಮೇಲೆ ನಿಂತು ಅಂಥ ಅಲೆ ಏರುವುದನ್ನು ಕಲಿಸುವುದೇ ಅವಳ ಕಸುಬು. ಈ ಪುಣ್ಯಾತ್ಮ ಕಲಿಯಲು ಬಂದವನೂ ಅಲ್ಲ. ಮನಿಲಾದಿಂದ ಸರ್ಫಿಂಗ್ ಹುಡುಗರನ್ನು ಕರೆತಂದ ವ್ಯಾನಿನ ಡ್ರೈವರ್. ಕಾಲು ತೊಳೆಯಲು ನೀರಿಗಿಳಿದು, ಕಡಲಿಗೆ ಬೆನ್ನು ಮಾಡಿ ತನ್ನ ವ್ಯಾನನ್ನೇ ನೋಡುತ್ತ ನಿಂತಿದ್ದ.

ಅವನು ಕೆಮ್ಮುತ್ತಲೇ ಕಣ್ಣು ಬಿಟ್ಟ. “ಹೇಳ್ಕೊಟ್ಟಿದ್ರು. ನಮ್ಮಪ್ಪ ಮೀನು ಹಿಡಿಯೋರು. ಆದ್ರೆ ಹಿಂದಿನಿಂದ ಹೊಡೆದಿದ್ದು ಅಲೆನೋ ನೀವೋ ಗೊತ್ತಾಗ್ಲಿಲ್ಲ.”

“ನಾನಾಗಿದ್ರೆ ಇನ್ನೂ ಜೋರಾಗಿ ಹೊಡೀತಿದ್ದೆ.”

ಅವನು ನಕ್ಕುಬಿಟ್ಟ. ರೋವೆನಾ ನಗು ತಡೆದುಕೊಂಡು ಎದ್ದು ಹೋದಳು. ‘ಸಾಯೋ ಹೊತ್ತಲ್ಲೂ ಎಂಥ ನಗು ಇವನದು...’ ಎಂದು ಮನಸ್ಸು ಮಾತ್ರ ಅಲ್ಲೇ ಉಳಿಯಿತು.

ಅವನ ಹೆಸರು ಅರ್ನೆಲ್. ಆಮೇಲೆ ಬಾಲೆರ್‌ಗೆ ಬರುವ ಬೆಟ್ಟದ ಕೆಟ್ಟ ರಸ್ತೆಗೆ ಬೇರೆ ಡ್ರೈವರುಗಳು ಒಲ್ಲೆ ಎಂದಾಗಲೆಲ್ಲ ಇವನೇ ಮುಂದೆ ಬರತೊಡಗಿದ. ಬಂದಾಗಲೆಲ್ಲ ಅವಳ ಅಜ್ಜಿ ಲೋಲಾ ಸಿಯೋನಿಂಗ್‌ಗೆ ಮನಿಲಾದ ಬನ್ನು ತರುತ್ತಿದ್ದ. ಬನ್ನು ಅಜ್ಜಿಗೆ, ಕಣ್ಣು ಮೊಮ್ಮಗಳ ಮೇಲೆ ಎಂದು ಓಣಿಯೆಲ್ಲ ನಗುತ್ತಿತ್ತು. ರೋವೆನಾ ಅವನಿಗೆ ವೆಂಗ್ ಆದಳು. ಯಾವಾಗ ಆದಳೋ ಅವಳಿಗೇ ತಿಳಿಯಲಿಲ್ಲ.

ಫೆಬ್ರವರಿಯಲ್ಲಿ ಈಶಾನ್ಯದಿಂದ ಬೀಸುವ ಅಮಿಹಾನ್ ಗಾಳಿ ಸೊರಗಿತು. ಆ ಗಾಳಿ ಇದ್ದರೆ ಅಲ್ಲಿ ಅಲೆ, ಅಲೆ ಇದ್ದರೆ ವ್ಯಾನು. ಕೊನೆಯ ಸವಾರಿಯ ದಿನ ಅರ್ನೆಲ್ ಅವಳ ಮನೆಯ ಮೆಟ್ಟಿಲ ಮೇಲೆ ಕುಳಿತು ತನ್ನ ಟೋಪಿಯನ್ನು ತಿರುವಿ ತಿರುವಿ ಹೇಳಿದ.

“ಹೆಣ್ಣು ಕೇಳೋಕೆ ಅಪ್ಪ ಅವ್ವನ್ನ ಕರ್ಕೊಂಡೇ ಬರ್ಬೇಕು. ಈಗ ಅವ್ರಿಗೆ ಪುರುಸೊತ್ತಿಲ್ಲ. ಅಲೆ ಏಳ್ಲಿ ವೆಂಗ್, ಎದ್ದ ಮೇಲೆ ಬರ್ತೀನಿ.”

ಅಲೆ ಏಳುವುದೆಂದರೆ ಅಕ್ಟೋಬರ್... ಅಷ್ಟು ದೂರ! ಆದರೂ ಅವಳು ತಲೆಯಾಡಿಸಿದಳು. ಕಡಲ ಮಕ್ಕಳಿಗೆ ಕಾಯುವುದೇನು ಹೊಸದೇ?

ಆಗೆಲ್ಲ ಆ ತೀರಕ್ಕೆ ಫೋನು ಬಂದಿರಲಿಲ್ಲ. ಕಾಗದ ಬರೆಯಲು ಇಬ್ಬರಿಗೂ ನಾಚಿಕೆ. ಕಡಲು ಚಪ್ಪಟೆಯಾಗಿ ಕೆಲಸ ನಿಂತಾಗ, ಪ್ರತಿವರ್ಷದಂತೆ ಅಜ್ಜಿ ಮೊಮ್ಮಗಳು ಮನೆಗೆ ಬೀಗ ಹಾಕಿ ಬೆಟ್ಟದಾಚೆ ರೋವೆನಾಳ ಅಕ್ಕನ ಊರಿಗೆ ಭತ್ತ ನಾಟಿ ಮಾಡಲು ಹೋದರು. ಸೆಪ್ಟೆಂಬರ್ ಕೊನೆಗೆ ಮರಳಿದಾಗ ಪಕ್ಕದ ಮನೆಯ ಬೆಬಾಂಗ್ ಚಿಕ್ಕಮ್ಮ ಬೀಗದ ಕೈ ಕೊಡುತ್ತ ಊರ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಬೆಕ್ಕು ಮರಿ ಹಾಕಿತ್ತು. ಮಾಡಿನ ಮೇಲೆ ತೆಂಗಿನಕಾಯಿ ಬಿದ್ದಿತ್ತು. ಜೂನಿನಲ್ಲಿ ಯಾರೋ ಹುಂಜ ಮಾರುವವರು ಅವಳ ಮನೆ ಕೇಳಿಕೊಂಡು ಬಂದಿದ್ದರು. ‘ಅವಳು ಹೋಗ್ಬಿಟ್ಲು’ ಅಂದದ್ದಕ್ಕೆ ಮುಖ ಸಪ್ಪೆ ಮಾಡಿಕೊಂಡು ಹೋದರಂತೆ.

ಹುಂಜ ಯಾರಿಗೆ ಬೇಕು ಎಂದು ರೋವೆನಾ ಒಳಗೆ ನಡೆದಳು.

ಅಕ್ಟೋಬರ್ ಬಂತು. ಅಲೆ ಎದ್ದಿತು. ಅವಳು ಪರದೆ ಒಗೆದು ಹಾಕಿದಳು. ಅಜ್ಜಿ ಎಲೆಯಲ್ಲಿ ಸುತ್ತಿ ಬೇಯಿಸುವ ಸಿಹಿಗಡುಬಿಗೆ ಅಕ್ಕಿ ನೆನೆಹಾಕಿದಳು. ವ್ಯಾನು ಬಂತು, ಒಳಗಿಂದ ಇಳಿದವನು ಬೇರೆ ಡ್ರೈವರ್. ಮರುವಾರವೂ ಅಷ್ಟೇ. ನೆನೆಹಾಕಿದ ಅಕ್ಕಿ ಹುಳಿಯಾಯಿತು.

ಊರ ಬಾಯಿಗೆ ಬೀಗ ಹಾಕಲಾದೀತೇ? ಡ್ರೈವರ್ ಮಾತಿಗೆ ಬ್ರೇಕೇ ಇಲ್ಲ ಎಂದು ಬೆಬಾಂಗ್ ಚಿಕ್ಕಮ್ಮನೇ ಹಂಗಿಸಿದಳು. ರೋವೆನಾ ನಕ್ಕಳು, ಒಳಗೆ ಬಂದು ದಿಂಬು ಕಚ್ಚಿ ಅತ್ತಳು. ಅಲೆಯ ಸದ್ದು ಕೇಳಿದರೆ ಸಾಕು, ಕಿಟಕಿ ಮುಚ್ಚುತ್ತಿದ್ದಳು. ಹುಟ್ಟಿದಾಗಿನಿಂದ ಪ್ರೀತಿಸಿದ ಕಡಲನ್ನೇ ಬಿಟ್ಟು ಅಕ್ಕನ ಊರಿನಲ್ಲಿ ನೆಲೆಸಿಬಿಡುವುದೆಂದು ಗಂಟುಮೂಟೆ ಕಟ್ಟಿದಳು.

ನಾಳೆ ಬಸ್ಸು ಹತ್ತಬೇಕು ಅನ್ನುವ ದಿನ, ಕೊನೆಯ ಸಲ ಹಲಗೆ ಹಿಡಿದು ತೀರಕ್ಕೆ ಹೋದಳು. ಅಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಕಡಲಿಗೆ ಬೆನ್ನು ಮಾಡಿ ಒಬ್ಬ ಅವಳ ಮನೆಯನ್ನೇ ನೋಡುತ್ತ ನಿಂತಿದ್ದ. ಅರ್ನೆಲ್... ಅವನ ಹಿಂದೆ ಅಲೆ ಹೆಡೆ ಎತ್ತುತ್ತಿತ್ತು.

‘ಕೊಚ್ಚಿಕೊಂಡು ಹೋಗಲಿ’ ಅಂದಿತು ಮನಸ್ಸು. ಕಾಲುಗಳು ಅದರ ಮಾತು ಕೇಳಲಿಲ್ಲ, ಓಡಿದವು.

ಮತ್ತದೇ ಮರಳು, ಅದೇ ಕೆಮ್ಮು, ಅವಳ ಮುಷ್ಟಿಯಲ್ಲಿ ಅದೇ ಕೊರಳಪಟ್ಟಿ.

“ಯಾಕ್ ಬಂದೆ?”

“ಒಂದು ಮಾತು ಕೇಳಿ ಹೋಗೋಣ ಅಂತ. ಇಷ್ಟು ದಿನ ಬೇರೆ ಡ್ರೈವರ್‌ನ ಕಳಿಸ್ದೆ, ನೀನು ಇಲ್ಲೇ ಇದೀಯ ಅಂತ ಅವ್ನು ಹೇಳಿದ್ಮೇಲೆ ತಡೆಯೋಕಾಗ್ಲಿಲ್ಲ. ಬೇಡ ಅಂದಿದ್ರೆ ಮೊದ್ಲೇ ಹೇಳ್ಬೋದಿತ್ತಲ್ಲ ವೆಂಗ್? ಅಪ್ಪ ಅವ್ವನ್ನ ಕರ್ಕೊಂಡು ಬಂದ್ರೆ ನಿಮ್ಮನೆಗೆ ಬೀಗ.”

“ಸುಳ್ಳು. ಅಕ್ಟೋಬರ್ ಪೂರ್ತಿ ನಾನು ಆ ಮೆಟ್ಟಿಲು ಬಿಟ್ಟು ಕದಲಿಲ್ಲ.”

“ಅಕ್ಟೋಬರಾ? ನಾವು ಬಂದಿದ್ದು ಜೂನಲ್ಲಿ.”

“ಜೂನಲ್ಲಿ ಎಲ್ಲಿರುತ್ತೆ ಅಲೆ? ಕಡಲು ತಟ್ಟೇಲಿ ಹೊಯ್ದ ಗಂಜಿ ಥರ ಇರುತ್ತೆ.”

“ಇಲ್ಲಲ್ಲ...” ಅವನ ದನಿ ಇಳಿಯಿತು. “ನಮ್ಮೂರಲ್ಲಿ.”

ಅವಳ ಮುಷ್ಟಿ ಸಡಿಲಾಯಿತು. ಅವನ ಊರು ಪಡುವಣ ತೀರದ್ದು ಎಂದು ಎಂದೋ ಹೇಳಿದ್ದ. ಅವಳು ಮಾತಿಗಿಂತ ಮುಖವನ್ನೇ ನೋಡಿದ್ದಳು. ಅಲ್ಲಿ ಅಲೆ ಏಳುವುದು ನೈಋತ್ಯದ ಹಬಗಾತ್ ಗಾಳಿಗೆ, ಜೂನಿನಲ್ಲಿ. ಆಗ ದೋಣಿ ದಡಕ್ಕೆಳೆದು ಅವನಪ್ಪ ಬಿಡುವಾಗುತ್ತಾನೆ. ಇಲ್ಲಿ ಅಲೆ ಅಬ್ಬರಿಸುವಾಗ ಅಲ್ಲಿ ಕಡಲು ತಣ್ಣಗೆ, ಮೀನಿನ ಸುಗ್ಗಿ. ಇಬ್ಬರೂ ತಂತಮ್ಮ ಕಡಲಿನ ಮಾತಾಡಿದ್ದರು, ಇಬ್ಬರೂ ನಿಜವನ್ನೇ ಆಡಿದ್ದರು.

ಥಟ್ಟನೆ ಅವಳಿಗೊಂದು ನೆನಪಾಯಿತು. “ನಿಮ್ಮಪ್ಪನ ಕೈಲಿ ಹುಂಜ ಇತ್ತಾ?”

“ಹೆಣ್ಣು ಕೇಳೋಕೆ ಬರಿಗೈಲಿ ಬರ್ತಾರಾ? ನಾನು ನಾಚ್ಕೊಂಡು ಓಣಿ ತುದೀಲಿ ವ್ಯಾನಲ್ಲೇ ಕೂತಿದ್ದೆ. ಪಕ್ಕದ ಮನೆಯೋರು ‘ಎಷ್ಟಕ್ಕೆ ಕೊಡ್ತೀರಿ’ ಅಂತ ಕೇಳಿದ್ರಂತೆ. ನೀನು ಹೋಗ್ಬಿಟ್ಟೆ ಅಂದ್ರಂತೆ. ಅಪ್ಪ ದಾರಿಯುದ್ದಕ್ಕೂ ಹುಂಜನ್ನ ತೊಡೆ ಮೇಲೆ ಇಟ್ಕೊಂಡೇ ಬಂದ್ರು.”

ರೋವೆನಾ ನಗತೊಡಗಿದಳು. ನಗುನಗುತ್ತಲೇ ಅಳು ಉಕ್ಕಿತು. ಅರ್ನೆಲ್ ಏನೂ ತೋಚದೆ ತನ್ನ ಒದ್ದೆ ತೋಳಿನಿಂದಲೇ ಅವಳ ಕಣ್ಣೊರೆಸಲು ಹೋಗಿ, ಇದ್ದ ಮರಳನ್ನೆಲ್ಲ ಅವಳ ಕೆನ್ನೆಗೆ ಬಳಿದ.

“ಆ ಹುಂಜ ಏನಾಯ್ತು?”

“ಇದೆ. ಅವ್ವ ಯಾರಿಗೂ ಕೊಯ್ಯೋಕೆ ಬಿಟ್ಟಿಲ್ಲ. ‘ಅದು ವೆಂಗ್ ಮನೇದು’ ಅಂತಾರೆ.”

ನೋಡದ ಸೊಸೆಯ ಪಾಲನ್ನು ಆ ತಾಯಿ ಇಷ್ಟು ತಿಂಗಳು ಕಾಳು ಹಾಕಿ ಸಾಕಿದ್ದಳು. ಇನ್ನು ರೋವೆನಾಗೆ ಯಾವ ಬಸ್ಸೂ ಬೇಕಿರಲಿಲ್ಲ.

“ಮತ್ತೆ ಯಾವಾಗ ಕರ್ಕೊಂಡು ಬರ್ತೀಯ?”

“ಅಲೆ...” ಎನ್ನುವಷ್ಟರಲ್ಲಿ ಅವಳ ಅಂಗೈ ಅವನ ಬಾಯಿ ಮುಚ್ಚಿತು.

“ಕಡಲಿನ ಮಾತು ಸಾಕು. ವಾರ ಹೇಳು.”

“ಭಾನುವಾರ. ಅಪ್ಪನ್ನ ದೋಣಿಯಿಂದ ಇಳಿಸಿಯಾದ್ರೂ ಕರ್ಕೊಂಡು ಬರ್ತೀನಿ.”

“ನಿಮ್ಮೂರ ಭಾನುವಾರನೋ, ನಮ್ಮೂರದ್ದೋ?”

ಅರ್ನೆಲ್ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಅದೊಂದು ಎರಡೂ ಊರಲ್ಲಿ ಒಂದೇ ದಿನ ಬರುತ್ತೆ ವೆಂಗ್.”