ಹಾಯಿದೋಣಿಯ ಐಸ್ ಪೆಟ್ಟಿಗೆ

೧೯೮೩ರ ಬೇಸಿಗೆ. ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಆದಿಲಕ್ಷ್ಮಿ ಕೂಗಿದ ಕೂಗಿಗೆ ನಂಗಲಿಯವರೆಗಿನ ಕಾಗೆಗಳೆಲ್ಲ ಹಾರಿಹೋದವು!

"ಏನ್ರೀ ಇದು? ಐಸ್ ಕೇಳಿದ್ರೆ ನೀರು ತಂದಿದ್ದೀರಾ?"

ತೊಟ್ಟಿಕ್ಕುವ ಗೋಣಿಚೀಲ ಹೊತ್ತು ಎದುರಿಗೆ ನಿಂತಿದ್ದವನು ಕೋಲಾರದ ಐಸ್ ಫ್ಯಾಕ್ಟರಿಗೆ ಹೊಸದಾಗಿ ಸೇರಿದ ಶ್ರೀನಿವಾಸಪ್ಪ.

"ಇಳಿಸುವಾಗ ಸರಿಯಾಗೇ ಇತ್ತು ಕಣ್ರೀ. ನಿಮ್ಮ ಕೋಪ ನೋಡಿ ಕರಗೋಯ್ತು..."

ಅವಳ ಮುಖ ಕೆಂಪಾಯಿತು. ಎದೆ? ಅದು ಐಸಿಗಿಂತ ಮೊದಲೇ ಕರಗಿತ್ತು!

ಅವಳ ಸೋಡಾ ಅಂಗಡಿಯಲ್ಲಿದ್ದದ್ದು ಅಂತಿಂಥ ಐಸ್ ಪೆಟ್ಟಿಗೆಯಲ್ಲ. ಮದ್ರಾಸ್ ಬಂದರಿನಲ್ಲಿ ಒಡೆದ ಹಾಯಿದೋಣಿಯದು! ಗುಜರಿ ಲಾರಿಯ ಅಬ್ದುಲ್ ರಜಾಕ್ ಸಾಬರಿಂದ ಅವಳಪ್ಪ ಕೊಂಡದ್ದು. ಇಡೀ ಕೋಲಾರ ಜಿಲ್ಲೆಯಲ್ಲಿ ಸಮುದ್ರ ಕಂಡ ಪೆಟ್ಟಿಗೆ ಅದೊಂದೇ.

ದಿನವೂ ಅವನು ಐಸ್ ತರುತ್ತಿದ್ದ ನಂಗಲಿ ಬಸ್ಸು ಎರಡೇ ನಿಮಿಷ ನಿಲ್ಲುತ್ತಿತ್ತು. ಅವನು ಐಸ್ ಇಳಿಸಿ ಓಡುತ್ತಿದ್ದ. ಆ ಎರಡು ನಿಮಿಷಕ್ಕಾಗಿ ಅವಳು ಉಳಿದ ಇಪ್ಪತ್ತಮೂರು ಗಂಟೆ ಐವತ್ತೆಂಟು ನಿಮಿಷ ಕಾಯುತ್ತಿದ್ದಳು!

ಆರು ತಿಂಗಳ ಮೇಲೆ ಒಂದು ದಿನ ಅವನು ಹಳೇ ಫ್ರಿಜ್ಜೊಂದರ ಕಂಪ್ರೆಸರ್ ಹೊತ್ತು ತಂದ. ಪೆಟ್ಟಿಗೆಯ ಗೋಡೆಗೆ ಥರ್ಮಾಕೋಲ್ ತುಂಬಿದ, ತಾಮ್ರದ ಕೊಳವೆ ಸುತ್ತಿದ, ಗ್ಯಾಸ್ ಹಾಕಿದ. ಸಂಜೆ ಅದರಲ್ಲಿಟ್ಟ ಸೋಡಾ ಕುಡಿದ ಕಂಡಕ್ಟರನ ಹಲ್ಲು ಮೂರು ದಿನ ಕಟಕಟ ಅಂದವು!

"ಇನ್ಮೇಲೆ ನಿಮಗೆ ಐಸೇ ಬೇಡ!" ಎಂದು ಶ್ರೀನಿವಾಸಪ್ಪ ಹೆಮ್ಮೆಯಿಂದ ನಕ್ಕ.

ಅವಳ ಕೈಯಿಂದ ಬಾಟಲಿ ಜಾರಿತು. 'ಐಸ್ ಬೇಡ ಅಂದ್ರೆ... ಇವ್ರೂ ಬರಲ್ಲ. ನನ್ನಿಂದ ತಪ್ಪಿಸಿಕೊಳ್ಳೋಕೇ ಇಷ್ಟೆಲ್ಲ ಮಾಡಿದ್ರಾ?'

ಮರುದಿನವೇ ಕಂಡಕ್ಟರನ ಕೈಲಿ ಸುದ್ದಿ ಹೋಯಿತು: ಮಿಷನ್ ಕೆಟ್ಟಿದೆ!

ಅವನು ಓಡೋಡಿ ಬಂದ. ಮೋಟಾರು ಓಡುತ್ತಿತ್ತು, ಕೊಳವೆ ತಣ್ಣಗಿತ್ತು, ಪೆಟ್ಟಿಗೆ ಮಾತ್ರ ಬೆಚ್ಚಗೆ! ಎರಡನೇ ದಿನವೂ ಹಾಗೇ. ಮೂರನೇ ದಿನ ನೆಲದ ಮೇಲೆ ಮಲಗಿ ತಳ ನೋಡಿದ.

"ಐಸ್ ನೀರು ಹೋಗೋ ತೂತಿಗೆ ನಾನೇ ಬಿರಡೆ ಬಡಿದಿದ್ದೆ. ತಂಪೆಲ್ಲ ಇಲ್ಲಿಂದ ಸೋರ್ತಿದೆ. ಯಾರು ಕಿತ್ತಿದ್ದು?"

ನಿಂಬೆಹಣ್ಣು ಹೆಚ್ಚುತ್ತಿದ್ದ ಅವಳಮ್ಮ ಭಾರತಮ್ಮ ತಲೆ ಎತ್ತಲಿಲ್ಲ. "ಇಲಿ ಕಣಪ್ಪಾ. ಉದ್ದ ಜಡೆ ಇರೋ ಇಲಿ!"

ಆದಿಲಕ್ಷ್ಮಿಯ ಕಣ್ಣು ತುಂಬಿತು. "ಹೌದು, ನಾನೇ! ಇದು ತಣ್ಣಗಾದ್ರೆ ನೀವು ಬರಲ್ಲ ಅಲ್ವಾ..."

"ಅಯ್ಯೋ ಹುಚ್ಚಿ! ಐಸ್ ಹೊತ್ಕೊಂಡು ಬಂದ್ರೆ ನಿಲ್ಲೋಕಾಗುತ್ತಾ? ಉಳಿದದ್ದು ಕರಗೋದ್ರೊಳಗೆ ನಂಗಲಿಗೆ ಓಡ್ಬೇಕು. ಬರಿಗೈಲಿ ಬಂದು ನಿಮ್ಮೆದುರು ಒಂದು ಗಂಟೆ ಕೂತ್ಕೋಬೇಕು ಅಂತಾನೇ ಮಿಷನ್ ಹಾಕ್ದೆ. ಭಾನುವಾರ ನಮ್ಮಮ್ಮನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬರೋನಿದ್ದೆ..."

ಭಾರತಮ್ಮ ನಿಂಬೆಹಣ್ಣಿನ ಬುಟ್ಟಿ ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದಳು.

ಆದಿಲಕ್ಷ್ಮಿ ಕಣ್ಣೊರೆಸಿಕೊಂಡು ಸ್ಟೂಲು ಮುಂದಕ್ಕೆ ತಳ್ಳಿದಳು. "ಹಾಗಾದ್ರೆ... ಕೂತ್ಕೊಳ್ಳಿ."

ಹೊರಗೆ ಹಾರನ್ ಕೇಳಿಸಿತು.

"ಕೋಲಾರದ ಬಸ್ಸು ಹೊರಡ್ತಿದೆ ಕಣ್ರೀ..." ಎಂದ ಅವನು.

"ಹೋಗ್ಲಿ ಬಿಡಿ. ಸಂಜೆಗೆ ಇನ್ನೊಂದಿದೆ."

"ಅದೂ ತಪ್ಪಿದ್ರೆ?"

"ಮದುವೆಗೆ ಮುಂಚೆ ಹುಡುಗಿ ಮನೇಲಿ ಉಳ್ಕೋಬಾರ್ದು. ನಡ್ಕೊಂಡು ಹೋಗಿ!"

"ಆಯ್ತು, ನಡೀತೀನಿ," ಎಂದು ಅವನು ಆರಾಮವಾಗಿ ಕೂತ.